ಮೂರು ವರ್ಷದ ವೈನ್, ಒಂದು ರಾತ್ರಿಯ ಹೊಳೆ

ಒಂದು ವೈನ್ ಬಾಟಲಿ. ಮೈತುಂಬ ಒಣಗಿದ ಕೆಸರು. ಲೇಬಲ್ ಕಿತ್ತುಹೋಗಿದೆ, ಎಲ್ಲೋ ಒಂದು ಚೂರು ಕಾಗದ ಮಾತ್ರ ಕೆಸರಿನ ಜೊತೆ ಅಂಟಿಕೊಂಡಿದೆ. ಒಳಗಿರುವುದು ಯಾವ ವರ್ಷದ್ದು, ಯಾವ ತೋಟದ್ದು, ಹೊರಗಿನಿಂದ ನೋಡಿ ಹೇಳುವ ಹಾಗಿಲ್ಲ. ಬೇರೆ ದಿನಗಳಲ್ಲಾಗಿದ್ದರೆ ಇಂಥದ್ದನ್ನು ಯಾವ ಅಂಗಡಿಯವನೂ ಕಪಾಟಿನಲ್ಲಿ ಇಡುತ್ತಿರಲಿಲ್ಲ. ಆದರೆ 2021ರ ಬೇಸಿಗೆಯಲ್ಲಿ ಜರ್ಮನಿಯ ಸಾವಿರಾರು ಜನ ಇದೇ ಬಾಟಲಿಗಾಗಿ ದುಡ್ಡು ಕಟ್ಟಿದರು. ಬಂದ ಮೊತ್ತ 44 ಲಕ್ಷ ಯೂರೋ ದಾಟಿತು. ಆಗಿನ ಲೆಕ್ಕದಲ್ಲಿ ಸುಮಾರು 38 ಕೋಟಿ ರೂಪಾಯಿ.

ಈ ಬಾಟಲಿಗಳು ಬಂದದ್ದು ಆರ್ ಎಂಬ ಹೊಳೆಯ ಕಣಿವೆಯಿಂದ. ಈ ಕಥೆಯನ್ನು ಸಾಮಾನ್ಯವಾಗಿ ‘ಕೆಸರನ್ನೂ ಮಾರಿ ಗೆದ್ದರು’ ಅಂತ ಹೇಳಿ ಮುಗಿಸುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಬಾಟಲಿ ಈ ಕಥೆಯ ಒಂದು ತುಂಡು ಅಷ್ಟೇ. 2021ರ ಜುಲೈ 14ರ ರಾತ್ರಿ ಈ ಹೊಳೆ ಉಕ್ಕಿ ಊರುಗಳಿಗೆ ನುಗ್ಗಿತು. ಆ ರಾತ್ರಿ ಹೊಳೆಯ ಬಾಯಿಗೆ ಸಿಕ್ಕಿದ್ದು ಮೂರು ವರ್ಷದ ವೈನ್. ಒಂದು ವರ್ಷದ್ದು ಬಾಟಲಿಯಲ್ಲಿತ್ತು, ಒಂದು ವರ್ಷದ್ದು ಪೀಪಾಯಿಯಲ್ಲಿ, ಇನ್ನೊಂದು ವರ್ಷದ್ದು ಇನ್ನೂ ಬಳ್ಳಿಯಲ್ಲೇ ಹಸಿರು ಕಾಯಿ. ಮೂರಕ್ಕೂ ಮೂರು ಥರದ ಗತಿ ಆಯಿತು. ಅದನ್ನು ಬಿಡಿಸಿ ನೋಡಲು ಡೆರ್ನೌ ಎಂಬ ಊರನ್ನು ಇಟ್ಟುಕೊಳ್ಳೋಣ. ಎರಡು ಸಾವಿರಕ್ಕಿಂತ ಕಡಿಮೆ ಜನ ಇರುವ, ಬೀದಿಗೊಂದರಂತೆ ವೈನರಿ ಇರುವ ಸಣ್ಣ ಊರು. ಅಕ್ಕಪಕ್ಕದ ಮೈಶೋಸ್, ಆಲ್ಟೆನಾರ್, ಆರ್‌ವೈಲರ್ ಊರುಗಳೂ ನಡುನಡುವೆ ಬರುತ್ತವೆ. ಒಂದೇ ಹೊಳೆ, ಒಂದೇ ಕಷ್ಟ.

ಬಿಸಿಲೆಲ್ಲ ಬಳ್ಳಿಗೆ

ಆರ್ ದೊಡ್ಡ ನದಿ ಏನಲ್ಲ. ಐಫೆಲ್ ಬೆಟ್ಟಸೀಮೆಯ ಬ್ಲಾಂಕೆನ್‌ಹೈಮ್ ಊರಿನಲ್ಲಿ ಹುಟ್ಟುತ್ತದೆ. ಹುಟ್ಟುವುದು ಎಲ್ಲಿ ಗೊತ್ತಾ? ಒಂದು ಹಳೇ ಮನೆಯ ನೆಲಮಾಳಿಗೆಯಲ್ಲಿ. ಅಲ್ಲಿಂದ ಸುಮಾರು 85 ಕಿಲೋಮೀಟರ್ ಹರಿದು ರೈನ್ ನದಿಗೆ ಸೇರುತ್ತದೆ. ಮಾಮೂಲಿ ದಿನಗಳಲ್ಲಿ ನೀರು ಒಂದು ಮೀಟರ್ ಆಳವೂ ಇರುವುದಿಲ್ಲ. (ಪ್ಯಾರಿಸ್‌ನ ಐಫೆಲ್ ಟವರ್‌ಗೂ ಈ ಐಫೆಲ್‌ಗೂ ನಂಟಿದೆ. ಟವರ್‌ಗೆ ಹೆಸರು ಕೊಟ್ಟ ಗುಸ್ತಾವ್ ಐಫೆಲ್‌ನ ಹಿರಿಯರು ಈ ಬೆಟ್ಟಸೀಮೆಯಿಂದ ಫ್ರಾನ್ಸಿಗೆ ಹೋದವರು. ಸೀಮೆಯ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರು.)

ಆಲ್ಟೆನಾರ್‌ನಿಂದ ಕೆಳಗೆ ಈ ಹೊಳೆಯ ದಂಡೆ ದ್ರಾಕ್ಷಿ ಸೀಮೆ. ಜರ್ಮನಿಯ 13 ವೈನ್ ಸೀಮೆಗಳಲ್ಲಿ ಇದು ಚಿಕ್ಕವುಗಳ ಸಾಲಿನದ್ದು, ಒಟ್ಟು 560 ಹೆಕ್ಟೇರ್ ಆಸುಪಾಸು. ವಿಚಿತ್ರ ಏನಂದರೆ, ಇಷ್ಟು ಉತ್ತರದಲ್ಲಿ ಬಿಳಿ ವೈನ್ ಮಾಡುವುದೇ ವಾಡಿಕೆ. ಇಲ್ಲಿ ಮಾತ್ರ ಹತ್ತರಲ್ಲಿ ಎಂಟು ಪಾಲು ಕೆಂಪು. ಮುಖ್ಯ ತಳಿ ಶ್ಪೇಟ್‌ಬುರ್ಗುಂಡರ್, ಅಂದರೆ ಫ್ರೆಂಚರ ಪಿನೋ ನ್ವಾರ್. ಅದಕ್ಕಿಂತ ಬೇಗ ಹಣ್ಣಾಗುವ ಫ್ರ್ಯೂಬುರ್ಗುಂಡರ್ ಕೂಡ ಇದೆ.

ಕೆಂಪು ದ್ರಾಕ್ಷಿಗೆ ಬಿಸಿ ಬೇಕು. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಕಲ್ಲಿನಿಂದ. ಇಲ್ಲಿನ ಗುಡ್ಡಗಳು ಸ್ಲೇಟು ಕಲ್ಲಿನವು. ನಾವು ಶಾಲೆಯಲ್ಲಿ ಬಳಪ ಹಿಡಿದು ಬರೆಯುತ್ತಿದ್ದೆವಲ್ಲ, ಅದೇ ಜಾತಿಯ ಕಪ್ಪು ಕಲ್ಲು. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು ಹಗಲೆಲ್ಲ ಬಿಸಿಲು ಕುಡಿಯುತ್ತದೆ, ರಾತ್ರಿ ಆ ಕಾವನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ಇಳಿಜಾರಿನಲ್ಲಿ ಮಣ್ಣು ನಿಲ್ಲಲಿ ಅಂತ ಗಾರೆ ಇಲ್ಲದೆ ಕಲ್ಲು ಜೋಡಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಕಟ್ಟಿದ್ದಾರೆ. ಆ ಕಲ್ಲಿನ ಗೋಡೆಯೂ ಒಲೆ ದಂಡೆಯ ಹಾಗೆ ಕಾವು ಹಿಡಿದಿಡುತ್ತದೆ. ಟ್ರಾಕ್ಟರ್ ಹತ್ತದ ಜಾಗ ಬಹಳ. ಕೆಲವು ಕಡೆ ಒಂದೇ ಹಳಿಯ ಪುಟ್ಟ ಗಾಡಿ ಕೂತು ಮೇಲೆ ಹೋಗುತ್ತಾರೆ, ಉಳಿದ ಕಡೆ ಕಾಲೇ ಗತಿ.

ಇಲ್ಲಿಂದಲೇ ನಮ್ಮ ಪ್ರಕರಣದ ಗಂಟು ಶುರುವಾಗುತ್ತದೆ. ಕಣಿವೆ ಇಕ್ಕಟ್ಟು. ಬಿಸಿಲು ಬೀಳುವ ಒಂದೊಂದು ಅಡಿಯೂ ಬಳ್ಳಿಗೆ ಹೋಯಿತು. ಮನುಷ್ಯರಿಗೆ ಉಳಿದದ್ದು ಹೊಳೆ ಪಕ್ಕದ ಸಪಾಟು ಪಟ್ಟಿ. ಮನೆ ಅಲ್ಲಿ, ರಸ್ತೆ ಅಲ್ಲಿ, ರೈಲು ಅಲ್ಲಿ. ಮನೆಯ ಕೆಳಗೆ ನೆಲಮಾಳಿಗೆ, ಅದರಲ್ಲಿ ಪೀಪಾಯಿ. ವೈನ್‌ಗೆ ತಂಪು ಬೇಕು, ನೆಲದಡಿ ತಂಪಿರುತ್ತದೆ. ಹೀಗೆ ಬೆಳೆ ಗುಡ್ಡದ ಮೇಲೆ, ಬೆಳೆಯ ಗಂಟು ಹೊಳೆಯ ಪಕ್ಕದ ಗುಂಡಿಯಲ್ಲಿ. ನೂರಾರು ವರ್ಷದಿಂದ ಇದೇ ಏರ್ಪಾಡು, ಯಾರಿಗೂ ತಪ್ಪು ಅನಿಸಿರಲಿಲ್ಲ.

ಈ ಸೀಮೆಯ ಹಳೇ ಗುಣವನ್ನೂ ಸ್ವಲ್ಪ ಹೇಳಬೇಕು, ಮುಂದೆ ಬೇಕಾಗುತ್ತದೆ. 1868ರಲ್ಲಿ ಮೈಶೋಸ್‌ನ ಸಣ್ಣ ಬೆಳೆಗಾರರು ವೈನ್‌ಗೆ ಬೆಲೆ ಸಿಗದೆ ಸೋತು, ಒಟ್ಟಾಗಿ ಸಹಕಾರ ಸಂಘ ಕಟ್ಟಿದರು. ಇಂದಿಗೂ ನಡೆಯುತ್ತಿರುವ ವೈನ್ ಸಹಕಾರ ಸಂಘಗಳಲ್ಲಿ ಇದೇ ಪ್ರಪಂಚಕ್ಕೆಲ್ಲ ಹಳೆಯದು ಅನ್ನುತ್ತಾರೆ. ಆಮೇಲೆ ಬಾನ್, ಕಲೋನ್ ಕಡೆಯ ಜನ ವಾರದ ಕೊನೆಗೆ ರೈಲು ಹತ್ತಿ ಬಂದು ಕುಡಿದು ಹಾಡಿ ಹೋಗುವ ಜಾಗ ಆಯಿತು. ಒಂದು ಗಾದೆಯೇ ಇದೆ: ಆರ್‌ಗೆ ಹೋಗಿದ್ದು ನೆನಪಿದೆ ಅಂತ ಯಾರಾದರೂ ಹೇಳಿದರೆ, ಅವರು ಆರ್‌ಗೆ ಹೋಗಿಯೇ ಇಲ್ಲ! ಅಷ್ಟು ಕುಡಿಸುತ್ತಿದ್ದರು ಅಂತ ಅರ್ಥ. ಕುಡಿಸುತ್ತಿದ್ದದ್ದು ಹೆಚ್ಚಿನಂಶ ತೆಳು, ಸಿಹಿ, ಅಗ್ಗದ ವೈನ್. 1980ರ ದಶಕದಲ್ಲಿ ಡೆರ್ನೌನ ವೆರ್ನರ್ ನೇಕೆಲ್‌ರಂಥ ಕೆಲವರು ದಾರಿ ಬದಲಿಸಿದರು. ಗೊಂಚಲು ಕಡಿಮೆ ಬಿಟ್ಟು, ಸಿಹಿ ಉಳಿಸದೆ, ಓಕ್ ಮರದ ಪೀಪಾಯಿಯಲ್ಲಿಟ್ಟು ಗಂಭೀರವಾದ ಕೆಂಪು ವೈನ್ ಮಾಡತೊಡಗಿದರು. ಬೆಲೆ ಏರಿತು, ಹೆಸರು ಬಂತು.

ಆ ಬದಲಾವಣೆಯ ಇನ್ನೊಂದು ಮುಖವೂ ಇದೆ. ಅಗ್ಗದ ವೈನ್ ಬೇಗ ಮಾರಾಟವಾಗಿ ಖಾಲಿಯಾಗುತ್ತದೆ. ಒಳ್ಳೇ ವೈನ್ ಪೀಪಾಯಿಯಲ್ಲಿ ಒಂದು, ಒಂದೂವರೆ ವರ್ಷ ಕೂರುತ್ತದೆ, ಆಮೇಲೆ ಬಾಟಲಿಯಲ್ಲಿ ಇನ್ನಷ್ಟು ತಿಂಗಳು. ಅಂದರೆ ಬೆಳೆಗಾರನ ದುಡ್ಡೆಲ್ಲ ಎರಡು ವರ್ಷ ನೆಲಮಾಳಿಗೆಯಲ್ಲೇ ಮಲಗಿರುತ್ತದೆ.

ಜುಲೈ 14

2021ರ ಜುಲೈ ನಡುವೆ ‘ಬೆರ್ಂಟ್’ ಅಂತ ಹೆಸರಿಟ್ಟ ವಾಯುಭಾರ ಕುಸಿತ ಪಶ್ಚಿಮ ಜರ್ಮನಿಯ ಮೇಲೆ ಬಂದು ನಿಂತುಬಿಟ್ಟಿತು. ಅದಕ್ಕೂ ಮೊದಲು ವಾರಗಟ್ಟಲೆ ಮಳೆ ಬಿದ್ದು ನೆಲ ತುಂಬಿತ್ತು. ಐಫೆಲ್ ಗುಡ್ಡಗಳ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರ್‌ಗೂ ಮೇಲೆ ಸುರಿಯಿತು. ಆಗುಂಬೆಯ ಲೆಕ್ಕದಲ್ಲಿ ಇದು ಮಳೆಗಾಲದ ಮಾಮೂಲಿ ದಿನ ಅನಿಸಬಹುದು. ಆದರೆ ಅಲ್ಲಿನ ಹಳ್ಳಕೊಳ್ಳ ಅಷ್ಟು ನೀರು ಕಂಡವಲ್ಲ. ಸ್ಲೇಟು ಕಲ್ಲಿನ ಮೇಲೆ ಮಣ್ಣು ತೆಳು, ನೀರು ಇಂಗಲು ಜಾಗ ಇಲ್ಲ. ಎಲ್ಲ ಕಡೆಯ ನೀರೂ ಒಟ್ಟಿಗೆ ಇಕ್ಕಟ್ಟು ಕಣಿವೆಗೆ ನುಗ್ಗಿತು.

ಆಲ್ಟೆನಾರ್‌ನಲ್ಲಿ ನೀರಿನ ಮಟ್ಟ ಅಳೆಯುವ ಕಂಬ ಇತ್ತು. ಅದು ಅಲ್ಲಿಯವರೆಗೆ ಕಂಡ ದಾಖಲೆ 2016ರ 3.71 ಮೀಟರ್. ಆ ಸಂಜೆ ಮುನ್ಸೂಚನೆ ಒಮ್ಮೆ ಏರಿತು, ಒಮ್ಮೆ ಇಳಿಯಿತು, ಮತ್ತೆ ಏರಿತು. ರಾತ್ರಿ ಎಂಟೂಮುಕ್ಕಾಲರ ಹೊತ್ತಿಗೆ ಕಂಬ 5.75 ಮೀಟರ್ ತೋರಿಸಿತು. ಅದೇ ಅದರ ಕೊನೆಯ ಮಾತು. ಆಮೇಲೆ ಕಂಬವೇ ಹೋಯಿತು. ಗೋಡೆಗಳ ಮೇಲಿನ ಕೆಸರಿನ ಗುರುತು ನೋಡಿ ನಂತರ ಅಂದಾಜು ಮಾಡಿದ್ದು ಸುಮಾರು 10 ಮೀಟರ್.

ನೀರಿನ ಜೊತೆ ಮರ ಬಂತು, ಕಾರು ಬಂತು, ಹೊಳೆದಂಡೆಯ ಕ್ಯಾಂಪಿಂಗ್ ಜಾಗಗಳಿಂದ ಮನೆಯಂಥ ಗಾಡಿಗಳು ತೇಲಿ ಬಂದವು. ಇವೆಲ್ಲ ಸೇತುವೆ ಕಮಾನಿಗೆ ಸಿಕ್ಕಿ ಅಡ್ಡಗಟ್ಟಿದವು. ಸೇತುವೆ ಅಣೆಕಟ್ಟಾಯಿತು, ನೀರು ಹಿಂದೆ ಏರಿತು, ಸೇತುವೆ ಮುರಿದಾಗ ಒಮ್ಮೆಗೇ ಮುಂದಿನ ಊರಿನ ಮೇಲೆ ಬಿತ್ತು. ಹೊಳೆಯಿಂದ ಎರಡೂ ಬದಿ 50 ಮೀಟರ್ ಒಳಗಿನವರು ಮನೆ ಬಿಡಿ ಅಂತ ಜಿಲ್ಲಾಡಳಿತ ಹೇಳಿದಾಗ ರಾತ್ರಿ 11 ಗಂಟೆ 9 ನಿಮಿಷ. ಆ ಹೊತ್ತಿಗೆ ಮೇಲಿನ ಊರುಗಳಲ್ಲಿ ಮನೆಗಳೇ ಕೊಚ್ಚಿಹೋಗಿದ್ದವು. ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ರೈನ್ ಸೇರುವ ಜಾಗದ ಹತ್ತಿರ ಜಿನ್‌ಜಿಗ್ ಊರಿನಲ್ಲಿ ವಿಶೇಷ ಚೇತನರ ವಸತಿಗೃಹವೊಂದರ 12 ಜನ ನೆಲ ಅಂತಸ್ತಿನಲ್ಲೇ ಮುಳುಗಿದರು. ಮೇಲಿನ ಮಹಡಿಗೆ ಹೋಗಲು ಅವರಿಗೆ ಹೊತ್ತೇ ಸಿಗಲಿಲ್ಲ.

ಡೆರ್ನೌನಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ನೀರು ನುಗ್ಗಿತು. ವೆರ್ನರ್ ನೇಕೆಲ್‌ರ ಮಕ್ಕಳಾದ ಮೈಕೆ ಮತ್ತು ಡ್ಯೋರ್ಟೆ ಆಗ ವೈನರಿ ನೋಡಿಕೊಳ್ಳುತ್ತಿದ್ದರು. ಆ ರಾತ್ರಿ ಇಬ್ಬರೂ ವೈನರಿಯಲ್ಲಿದ್ದರು. ನೀರು ಇಬ್ಬರನ್ನೂ ಎಳೆದುಕೊಂಡು ಹೋಯಿತು. ಕೈಗೆ ಸಿಕ್ಕ ಒಂದು ಮರ ಹಿಡಿದು, ಸುಮಾರು ಏಳು ಗಂಟೆ ಕತ್ತಲಲ್ಲಿ ಅದಕ್ಕೇ ಅಂಟಿಕೊಂಡಿದ್ದು ಬದುಕಿದರು. ಇಡೀ ಸೀಮೆಯ 68 ವೈನರಿಗಳಲ್ಲಿ 65ಕ್ಕೆ ಏಟು ಬಿತ್ತು.

2019: ಬಾಟಲಿ

ನೀರು ಇಳಿದ ಮೇಲೆ ನೆಲಮಾಳಿಗೆಗಳಲ್ಲಿ ಉಳಿದದ್ದು ಸೊಂಟದ ಮಟ್ಟದ ಕೆಸರು. ಕೆಸರು ಅಂದರೆ ಬರೀ ಮಣ್ಣಲ್ಲ. ಜರ್ಮನಿಯ ಹಳೇ ಮನೆಗಳಲ್ಲಿ ಚಳಿಗಾಲಕ್ಕೆ ಮನೆ ಬಿಸಿ ಮಾಡುವ ಎಣ್ಣೆಯ ಟ್ಯಾಂಕು ನೆಲಮಾಳಿಗೆಯಲ್ಲೇ ಇರುತ್ತದೆ. ಅವೆಲ್ಲ ಒಡೆದಿದ್ದವು. ಚರಂಡಿ ಬೆರೆತಿತ್ತು. ಆ ಕೆಸರಿನಲ್ಲಿ ಬಾಟಲಿಗಳು ಹೂತಿದ್ದವು, ಸಾವಿರ ಸಾವಿರ. ಬಿರಡೆ ಗಟ್ಟಿ ಇದ್ದದ್ದರಿಂದ ಒಳಗಿನ ವೈನ್‌ಗೆ ಏನೂ ಆಗಿರಲಿಲ್ಲ.

ಏನೂ ಆಗಿಲ್ಲ, ಆದರೂ ಮಾರುವ ಹಾಗಿಲ್ಲ. ಜರ್ಮನಿಯಲ್ಲಿ ಗುಣಮಟ್ಟದ ವೈನ್ ಅಂತ ಮಾರಬೇಕಾದರೆ ಸರ್ಕಾರಿ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಯ ನಂಬರ್ ಲೇಬಲ್ ಮೇಲೆ ಇರಬೇಕು. ಲೇಬಲ್ಲೇ ಹೋದ ಬಾಟಲಿ ಊರು ಹೆಸರಿಲ್ಲದ ಅನಾಥ. ತೊಳೆದು ಹೊಸ ಲೇಬಲ್ ಹಚ್ಚೋಣ ಅಂದರೆ ನೀರಿಲ್ಲ, ಕರೆಂಟಿಲ್ಲ, ಯಾವ ಬಾಟಲಿ ಯಾವುದು ಅಂತ ಗೊತ್ತಿಲ್ಲ.

ಆಗ ಆರ್‌ವೈಲರ್‌ನ ಹೋಟೆಲಿನವರು ಮತ್ತು ಆರ್ ವೈನ್ ಬೆಳೆಗಾರರ ಸಂಘದ ಮುಖ್ಯಸ್ಥ ಪೇಟರ್ ಕ್ರೀಷೆಲ್ ಮತ್ತಿತರರು ಸೇರಿ ತೊಳೆಯದೇ ಕೊಡುವ ಯೋಜನೆ ಹಾಕಿದರು. ಹೆಸರು ‘ಫ್ಲೂಟ್‌ವೈನ್’, ಅಂದರೆ ಪ್ರವಾಹದ ವೈನ್. ಜನ ಆನ್‌ಲೈನಿನಲ್ಲಿ ದೇಣಿಗೆ ಕೊಡುತ್ತಾರೆ, ಬದಲಿಗೆ ಕೆಸರು ಮೆತ್ತಿದ ಬಾಟಲಿ ಮನೆಗೆ ಬರುತ್ತದೆ. ಒಳಗೆ ಏನಿದೆ ಅನ್ನುವುದು ಅದೃಷ್ಟ. 47 ಸಾವಿರದಷ್ಟು ಜನ ಕೈಜೋಡಿಸಿದರು. ಸ್ವಯಂಸೇವಕರು ಒಂದೂವರೆ ಲಕ್ಷಕ್ಕೂ ಹೆಚ್ಚು ಬಾಟಲಿಗಳನ್ನು ಕೆಸರಿನಿಂದ ತೆಗೆದು ಡಬ್ಬಕ್ಕೆ ತುಂಬಿ ಕಳಿಸಿದರು.

ಇದರ ಜಾಣತನ ಎಲ್ಲಿದೆ ಅಂದರೆ, ನಷ್ಟದ ಗುರುತನ್ನೇ ಲೇಬಲ್ ಮಾಡಿದ್ದರಲ್ಲಿ. ತೊಳೆದಿದ್ದರೆ ಅದು ಲೇಬಲ್ ಇಲ್ಲದ ಅಗ್ಗದ ಬಾಟಲಿ. ತೊಳೆಯದೇ ಇದ್ದದ್ದರಿಂದ ಅದು ಆ ರಾತ್ರಿಯ ಒಂದು ಚೂರು.

ಆದರೆ ಲೆಕ್ಕವನ್ನೂ ನೋಡಬೇಕಲ್ವಾ? 44 ಲಕ್ಷ ಯೂರೋವನ್ನು ಏಟು ತಿಂದ 65 ವೈನರಿಗೆ ಸುಮ್ನೆ ಸಮವಾಗಿ ಭಾಗ ಮಾಡಿ. ಒಂದಕ್ಕೆ ಸುಮಾರು 68 ಸಾವಿರ ಬರುತ್ತದೆ. ಹಿಂಡುವ ಯಂತ್ರ, ಸ್ಟೀಲ್ ಟ್ಯಾಂಕು, ಪೀಪಾಯಿ, ಟ್ರಾಕ್ಟರ್, ಬಾಟಲಿ ತುಂಬುವ ಯಂತ್ರ, ಮನೆ, ಎಲ್ಲ ಹೋದವನಿಗೆ ಈ ದುಡ್ಡು ಎಷ್ಟು ದೂರ ಬಂದೀತು? ಮುಂದೆ ಸರ್ಕಾರ ಪ್ರವಾಹ ಪೀಡಿತ ರಾಜ್ಯಗಳಿಗೆಲ್ಲ ಸೇರಿ 3,000 ಕೋಟಿ ಯೂರೋ ನಿಧಿ ಇಟ್ಟಿತು. ನಷ್ಟದ ಶೇ. 80ರವರೆಗೆ ಕೊಡುವ ಲೆಕ್ಕ. ದೊಡ್ಡ ದುಡ್ಡು ಅದೇ. ಆದರೆ ಅದಕ್ಕೆ ಅರ್ಜಿ, ದಾಖಲೆ, ತಪಾಸಣೆ ಎಲ್ಲ ಆಗಬೇಕು. ಫ್ಲೂಟ್‌ವೈನ್ ದುಡ್ಡು ಅದಕ್ಕಿಂತ ಬೇಗ ಬಂತು, ಅದೇ ಅದರ ಬೆಲೆ. ಇನ್ನೊಂದು ಮಾತು, ಈ ಆಟ ಒಂದೇ ಸಲ ಆಡಬಹುದು. ಮುಂದಿನ ವರ್ಷ ಮಾರಲು ಕೆಸರಿನ ಬಾಟಲಿ ಇರುವುದಿಲ್ಲ.

2020: ಪೀಪಾಯಿ

ಬಾಟಲಿ ಭಾರ, ಹೂತುಕೊಂಡಿತು. ಪೀಪಾಯಿ ಹಾಗಲ್ಲ, ತುಂಬಿದ್ದರೂ ತೇಲುತ್ತದೆ. ವೈನ್ ನೀರಿಗಿಂತ ಒಂದು ಚೂರು ಹಗುರ, ಓಕ್ ಮರ ಇನ್ನೂ ಹಗುರ. 225 ಲೀಟರ್ ತುಂಬಿದ ಪೀಪಾಯಿ ಕಾಲು ಟನ್‌ಗೂ ಜಾಸ್ತಿ ತೂಗುತ್ತದೆ. ಇಬ್ಬರು ಸೇರಿದರೂ ಎತ್ತಲಾಗದ ಆ ವಸ್ತು ನೀರಿನಲ್ಲಿ ತೆಂಗಿನಕಾಯಿ ಹಾಗೆ ಎದ್ದುಬಿಟ್ಟಿತು. ಒಂದಕ್ಕೊಂದು ಡಿಕ್ಕಿ ಹೊಡೆದು, ಬಾಗಿಲು ಒಡೆದು, ಹೊಳೆ ಸೇರಿ ಹೊರಟವು. ಕೆಲವು ಊರು ದಾಟಿ ಎಲ್ಲೆಲ್ಲೋ ಸಿಕ್ಕವು.

ಸಿಕ್ಕ ಪೀಪಾಯಿಯಲ್ಲೂ ನೋಡಬೇಕಾದದ್ದು ಒಂದೇ, ಮೇಲಿನ ತೂತಿನ ಬಿರಡೆ ಇದೆಯಾ ಇಲ್ವಾ. ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಬಿರಡೆ. ಅದು ಕಿತ್ತುಬಂದಿದ್ದರೆ ಒಳಗೆ ಚರಂಡಿ ನೀರು, ಅಲ್ಲಿಗೆ ಕಥೆ ಮುಗಿಯಿತು. ಇದ್ದರೆ ವೈನ್ ಉಳಿದಿರಬಹುದು. ನೇಕೆಲ್ ಅಕ್ಕತಂಗಿಯರ 2020ರ ವೈನ್‌ನಲ್ಲಿ ಕೊನೆಗೆ ಕೈಗೆ ಸಿಕ್ಕಿದ್ದು ಬೆರಳೆಣಿಕೆಯ ಪೀಪಾಯಿ. ಬೇರೆ ಬೇರೆ ತೋಟದ ಹೆಸರಿನಲ್ಲಿ ಬೇರೆ ಬೇರೆ ಬಾಟಲಿ ಮಾಡುವಷ್ಟು ಇರಲಿಲ್ಲ. ‘ಲಾಸ್ಟ್ ಬ್ಯಾರೆಲ್ಸ್’, ಅಂದರೆ ಕಳೆದುಹೋದ ಪೀಪಾಯಿಗಳು ಅಂತ ಹೆಸರಿಟ್ಟು ಹೊರತಂದರು.

ಈ ವರ್ಷದ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಇಲ್ಲಿ ಯಾರ ಜಾಣತನವೂ ನಡೆಯಲಿಲ್ಲ. ಉಳಿಯಬೇಕಾದದ್ದು ಬಿರಡೆಯ ದೆಸೆಯಿಂದ ಉಳಿಯಿತು, ಮಿಕ್ಕದ್ದು ಹೊಳೆ ಪಾಲು. ಬಾಟಲಿ ಕಥೆ ಪತ್ರಿಕೆಯಲ್ಲೆಲ್ಲ ಬಂತು, ಪೀಪಾಯಿ ಕಥೆ ಅಷ್ಟಾಗಿ ಬರಲಿಲ್ಲ. ಬಾಟಲಿ ಕೈಯಲ್ಲಿ ಹಿಡಿದು ಫೋಟೋ ತೆಗೆಯಬಹುದು. ಇಲ್ಲದ ವೈನ್‌ನ ಫೋಟೋ ಹೇಗೆ ತೆಗೆಯೋದು?

2021: ಬಳ್ಳಿ

ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನಿಸುವುದು ಈ ಮೂರನೆಯ ವರ್ಷ.

ಜುಲೈ 15ರ ಬೆಳಿಗ್ಗೆ ತಲೆ ಎತ್ತಿ ನೋಡಿದರೆ ಗುಡ್ಡದ ಮೇಲಿನ ತೋಟಗಳು ಹಾಗೇ ಹಸಿರಾಗಿದ್ದವು. ಹೊಳೆದಂಡೆಗೆ ತಾಗಿದ ಕೆಳಗಿನ ತುಂಡುಗಳು ಹೋಗಿದ್ದವು, ಒಟ್ಟು ತೋಟದಲ್ಲಿ ಅದು ಹತ್ತನೇ ಒಂದು ಪಾಲೂ ಇಲ್ಲವೇನೋ. ಉಳಿದದ್ದಕ್ಕೆ ನೀರು ಮುಟ್ಟಿರಲಿಲ್ಲ. ತೋಟಗಳ ನಡು ಎತ್ತರದಲ್ಲಿ 35 ಕಿಲೋಮೀಟರ್ ಉದ್ದದ ‘ಕೆಂಪು ವೈನ್ ಕಾಲುದಾರಿ’ ಇದೆ. ಅಲ್ಲಿ ನಿಂತವನಿಗೆ ಬೆನ್ನ ಹಿಂದೆ ಎಂದಿನ ಬಳ್ಳಿ, ಕಾಲ ಕೆಳಗೆ ಕಂದು ಬಣ್ಣದ ಊರು.

ಬಳ್ಳಿ ಉಳಿಯಿತಲ್ಲ, ಇನ್ನೇನು ಅಂತ ಅನಿಸಬಹುದು. ದ್ರಾಕ್ಷಿ ಬೆಳೆದವರಿಗೆ ಗೊತ್ತು, ಬಳ್ಳಿ ಯಾರ ಮನೆ ದುಃಖಕ್ಕೂ ಕಾಯುವುದಿಲ್ಲ. ಜುಲೈ, ಆಗಸ್ಟ್ ಅಂದರೆ ತೋಟದಲ್ಲಿ ಮೈತುಂಬ ಕೆಲಸ. ಉದ್ದ ಬೆಳೆದ ಚಿಗುರನ್ನು ತಂತಿ ನಡುವೆ ಸಿಕ್ಕಿಸಬೇಕು, ತುದಿ ಕತ್ತರಿಸಬೇಕು, ಗೊಂಚಲಿಗೆ ಗಾಳಿ ಆಡಲಿ ಅಂತ ಎಲೆ ತೆಗೆಯಬೇಕು. ಅದರ ಮೇಲೆ 2021 ಒದ್ದೆ ವರ್ಷ. ವಿಜಯಪುರದ ಬೆಳೆಗಾರರು ಡೌನಿ ಅನ್ನುತ್ತಾರಲ್ಲ, ಎಲೆ ಅಡಿಯಲ್ಲಿ ಬಿಳಿ ಬೂಜು ಬರುವ ರೋಗ, ಅದು ಆ ವರ್ಷ ಜರ್ಮನಿ ತುಂಬ ಕಾಡಿತ್ತು. ಔಷಧಿ ಹೊಡೆಯುವುದು ಒಂದು ವಾರ ತಪ್ಪಿದರೂ ಗೊಂಚಲು ಒಣಗಿ ಉದುರುತ್ತದೆ.

ಡೆರ್ನೌನ ಬೆಳೆಗಾರನ ಸ್ಥಿತಿ ನೋಡಿ. ಟ್ರಾಕ್ಟರ್ ಹೊಳೆಯಲ್ಲಿ. ಔಷಧಿ ಪಂಪು ಇಲ್ಲ. ಎಲೆ ಕತ್ತರಿಸುವ ಕತ್ತರಿಯೂ ಇಲ್ಲ. ಗುಡ್ಡಕ್ಕೆ ಹೋಗುವ ಸೇತುವೆ ಇಲ್ಲ, ಆ ರಾತ್ರಿ ಕಣಿವೆಯಲ್ಲಿ 60ಕ್ಕೂ ಹೆಚ್ಚು ಸೇತುವೆ ಮುರಿದಿದ್ದವು. ಅವನು ಮನೆಯೊಳಗೆ ಕೆಸರು ತೋಡುತ್ತಿದ್ದಾನೆ, ಪಕ್ಕದ ಮನೆಯವರು ಸತ್ತಿದ್ದಾರೆ. ಗುಡ್ಡದ ಮೇಲೆ ಬಳ್ಳಿ ಕರೆಯುತ್ತಿದೆ.

ಆಗ ಬಂದವರು ಬೇರೆ ವೈನ್ ಸೀಮೆಗಳ ಬೆಳೆಗಾರರು. ಮೊದಲು ಪಂಪು, ಜನರೇಟರ್, ಟ್ರಾಕ್ಟರ್ ತಂದು ಕೆಸರು ತೆಗೆದರು. ಆಮೇಲೆ ಗುಡ್ಡ ಹತ್ತಿದರು. ಒಂದು ಮಾತು ಗಮನಿಸಿ, ಇವರೆಲ್ಲ ಮಾರುಕಟ್ಟೆಯಲ್ಲಿ ಎದುರಾಳಿಗಳು. ಜರ್ಮನಿಯಲ್ಲಿ ಇದೇ ಶ್ಪೇಟ್‌ಬುರ್ಗುಂಡರ್ ತಳಿ ಬಾಡೆನ್, ಫಾಲ್ಜ್ ಸೀಮೆಗಳಲ್ಲೂ ಇದೆ, ಆರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಆರ್ ಒಂದು ವರ್ಷ ಬಾಗಿಲು ಮುಚ್ಚಿದರೆ ಲಾಭ ಆಗುತ್ತಿದ್ದದ್ದು ಉಳಿದವರಿಗೇ. ತೋಟದ ಕೆಲಸ ಬಲ್ಲವನಿಗೆ ಮಾತ್ರ ಬರುವಂಥದ್ದು. ಯಾವ ಚಿಗುರು ಬಿಡಬೇಕು, ಯಾವುದು ತೆಗೆಯಬೇಕು ಅನ್ನುವುದನ್ನು ದಾರಿಯಲ್ಲಿ ಹೋಗುವವರಿಗೆ ಕಲಿಸಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ಗೊತ್ತಿದ್ದವರು ಬಂದದ್ದೇ ದೊಡ್ಡದಾಯಿತು.

ಗೊತ್ತಿಲ್ಲದವರೂ ಬಂದರು, ಅವರಿಗೆ ಗುದ್ದಲಿ ಬಕೆಟ್ಟು ಕಾದಿತ್ತು. ಕಣಿವೆಯ ಮೇಲಿನ ಬಯಲಿನಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ಊರೂರಿಗೆ ಸ್ವಯಂಸೇವಕರನ್ನು ಇಳಿಸುವ ಏರ್ಪಾಡನ್ನು ಅಲ್ಲಿನವರೇ ಇಬ್ಬರು ಶುರು ಮಾಡಿದರು. ಅದರ ಮೂಲಕವೇ ಒಂದು ಲಕ್ಷಕ್ಕೂ ಮೇಲೆ ಜನ ಬಂದು ಹೋದರು. ಸಂಜೆ ಬಸ್ಸು ಇಳಿಯುವಾಗ ಯಾರು ಡಾಕ್ಟರು, ಯಾರು ಕಾಲೇಜು ಹುಡುಗ ಅಂತ ಗುರುತು ಸಿಗದಷ್ಟು ಕೆಸರು.

ಶರತ್ಕಾಲದಲ್ಲಿ ಕೊಯ್ಲು ಆಯಿತು. ಕೊಯ್ದ ಹಣ್ಣು ಹಿಂಡಲು ತಮ್ಮದೇ ನೆಲಮಾಳಿಗೆ ಇಲ್ಲದವರು ಬಾಡಿಗೆ ಶೆಡ್ಡು ಹಿಡಿದರು, ಬೇರೆಯವರ ಜಾಗದಲ್ಲಿ, ಎರವಲು ಪೀಪಾಯಿಯಲ್ಲಿ ವೈನ್ ಮಾಡಿದರು. ಇಳುವರಿ ಕಡಿಮೆ. ಆದರೆ 2021 ಅಂತ ಬರೆದ ಆರ್ ವೈನ್ ಬಾಟಲಿ ಬಂತು. ಮಾರಲು ಏನೂ ಇಲ್ಲದೆ ಒಂದು ವರ್ಷ ಕಳೆದರೆ ಗಿರಾಕಿ ಬೇರೆ ಬಾಟಲಿಗೆ ಒಗ್ಗಿಕೊಳ್ಳುತ್ತಾನೆ, ಆಮೇಲೆ ವಾಪಸ್ ಕರೆಯುವುದು ಕಷ್ಟ. ಫ್ಲೂಟ್‌ವೈನ್‌ನ 44 ಲಕ್ಷಕ್ಕಿಂತ ಈ ಎಲೆ ಕಿತ್ತ ಕೈಗಳು ಜಾಸ್ತಿ ಉಳಿಸಿದವು ಅನ್ನುವುದು ನನ್ನ ಲೆಕ್ಕ. ಅದರ ಮೊತ್ತ ಬರೆದಿಟ್ಟವರು ಯಾರೂ ಇಲ್ಲ.

ಮನೆ ಎಲ್ಲಿ ಕಟ್ಟೋದು?

ವೈನ್ ವಿಷಯ ಹೀಗೆ ಹೇಗೋ ದಡ ಸೇರಿತು. ದಡ ಸೇರದ ವಿಷಯ ಒಂದಿದೆ, ಆ ದಡದ್ದೇ.

ಅನಾಹುತ ಆದ ಮೇಲೆ ಬಳ್ಳಿಯ ಮೇಲೂ ದೂರು ಬಂತು. ಗುಡ್ಡದ ಸಾಲುಗಳನ್ನು ಮೇಲಿಂದ ಕೆಳಕ್ಕೆ ನೇರ ಮಾಡಿದ್ದರಿಂದ ನೀರು ಸರ್ರನೆ ಇಳಿಯುತ್ತದೆ ಅಂತ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಸಾಲುಗಳ ನಡುವೆ ಹುಲ್ಲು ಬಿಡುವುದು ಒಳ್ಳೆಯದೇ. ಆದರೆ ಅಳತೆ ನೋಡಿ. ಆರ್ ಹೊಳೆಗೆ ನೀರು ಕೊಡುವ ಒಟ್ಟು ಪ್ರದೇಶ ಸುಮಾರು 900 ಚದರ ಕಿಲೋಮೀಟರ್. ದ್ರಾಕ್ಷಿ ತೋಟ ಐದೂವರೆ ಚದರ ಕಿಲೋಮೀಟರ್ ಚಿಲ್ಲರೆ. ನೂರಕ್ಕೆ ಒಂದು ಪಾಲೂ ಇಲ್ಲ. ಅಷ್ಟು ನೀರು ಬಂದದ್ದು ಮೇಲಿನ ಕಾಡು, ಹುಲ್ಲುಗಾವಲು, ಹೊಲಗಳಿಂದ.

ನಿಜವಾದ ಎಡವಟ್ಟು ನೆನಪಿನದ್ದು. 1804ರ ಜುಲೈ 21ರಂದು ಇದೇ ಹೊಳೆ ಉಕ್ಕಿ 63 ಜನ ಸತ್ತಿದ್ದರು, 129 ಮನೆ ಹೋಗಿದ್ದವು. ಆಗ ಆ ಕಣಿವೆ ನೆಪೋಲಿಯನ್‌ನ ಫ್ರಾನ್ಸಿಗೆ ಸೇರಿತ್ತು. 1910ರ ಜೂನ್‌ನಲ್ಲಿ ಮತ್ತೆ ಉಕ್ಕಿತು. ಆಗ ಕಣಿವೆಯಲ್ಲಿ ರೈಲು ಹಳಿ ಕೆಲಸ ನಡೆಯುತ್ತಿತ್ತು. ಸತ್ತ ಐವತ್ತಕ್ಕೂ ಹೆಚ್ಚು ಜನರಲ್ಲಿ ಬಹಳಷ್ಟು ಮಂದಿ ಕೂಲಿಗೆ ಬಂದ ಕಾರ್ಮಿಕರು. ಆಮೇಲೆ ಮೇಲಿನ ಕಣಿವೆಯಲ್ಲಿ ನೀರು ತಡೆಯುವ ಕಟ್ಟೆಗಳ ಯೋಜನೆ ಆಯಿತು, ಆದರೆ ಕಟ್ಟಲಿಲ್ಲ. ಜಿಲ್ಲೆಯ ದುಡ್ಡು, ಜನರಿಗೆ ಕೆಲಸ ಕೊಡುವ ಉದ್ದೇಶ ಎಲ್ಲ 1925ರಿಂದ 1927ರವರೆಗೆ ಕಟ್ಟಿದ ಕಾರ್ ರೇಸಿನ ರಸ್ತೆಗೆ ಹೋಯಿತು. ಅದೇ ಈಗಿನ ಪ್ರಸಿದ್ಧ ನ್ಯೂರ್ಬುರ್ಗ್‌ರಿಂಗ್.

ಅಲ್ಲಿಗೂ ಮುಗಿಯಲಿಲ್ಲ. ಹೊಳೆಯ ಅಪಾಯ ಲೆಕ್ಕ ಹಾಕುವವರು ಆಲ್ಟೆನಾರ್ ಕಂಬದ ಅಳತೆಯನ್ನು ಹಿಡಿದರು. ಆ ಅಳತೆ ಶುರುವಾಗುವುದು 1947ರಿಂದ. ಹಾಗಾಗಿ 1804, 1910 ಎರಡೂ ಲೆಕ್ಕದಿಂದ ಹೊರಗೆ ಬಿದ್ದವು. ನೂರು ವರ್ಷಕ್ಕೊಮ್ಮೆ ಬರಬಹುದಾದ ದೊಡ್ಡ ನೀರು ಸೆಕೆಂಡಿಗೆ 241 ಘನ ಮೀಟರ್ ಅಂತ ಬರೆದುಕೊಂಡರು. ಅಪಾಯದ ನಕ್ಷೆಯ ಗೆರೆ ಆ ಲೆಕ್ಕದ ಮೇಲೆ ಬಿತ್ತು. 2021ರಲ್ಲಿ ಬಂದದ್ದು ಸಾವಿರದ ಆಸುಪಾಸು ಅಂತ ಅಂದಾಜು.

ಇನ್ನೂ ಒಂದು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿ ಸರ್ಕಾರ ಅಣುಬಾಂಬಿಗೆ ಹೆದರಿ, ಡೆರ್ನೌ ಮತ್ತು ಆರ್‌ವೈಲರ್ ನಡುವಿನ ಇದೇ ದ್ರಾಕ್ಷಿ ಗುಡ್ಡಗಳ ಅಡಿಯ ಹಳೇ ರೈಲು ಸುರಂಗಗಳನ್ನು ಬೆಳೆಸಿ 17 ಕಿಲೋಮೀಟರ್ ಬಂಕರ್ ಕಟ್ಟಿತ್ತು. ಮೂರು ಸಾವಿರ ಅಧಿಕಾರಿಗಳು ಒಂದು ತಿಂಗಳು ಅಡಗಿ ಕೂರಬಹುದಾದಷ್ಟು ದೊಡ್ಡದು. ಬರದ ಬಾಂಬಿಗೆ ಅಷ್ಟು ತಯಾರಿ. ಎರಡು ಸಲ ಬಂದು ಹೋದ ಹೊಳೆಗೆ ಒಂದು ಕಟ್ಟೆ ಇಲ್ಲ.

ಪ್ರವಾಹ ಕಳೆದು ಎರಡು ಮೂರು ತಿಂಗಳಲ್ಲೇ ರಾಜ್ಯ ಸರ್ಕಾರ ಹೊಸ ನಕ್ಷೆ ಬರೆಯಿತು. ಇದ್ದ ಜಾಗದಲ್ಲೇ ಮತ್ತೆ ಕಟ್ಟಬಾರದು ಅಂತ ಅದು ಖಡಾಖಂಡಿತ ಹೇಳಿದ್ದು ಇಡೀ ಕಣಿವೆಯಲ್ಲಿ 34 ಮನೆಗಳಿಗೆ ಮಾತ್ರ. ಉಳಿದವರು ಕೆಲವು ಷರತ್ತಿನ ಮೇಲೆ ಕಟ್ಟಬಹುದು. ಬೈಯುವುದು ಸುಲಭ. ಆದರೆ ಡೆರ್ನೌನವರನ್ನು ಎಲ್ಲಿಗೆ ಕಳಿಸುತ್ತೀರಿ? ಹೊಳೆ ಬಿಟ್ಟು ಮೇಲೆ ಹೋಗಿ ಅಂದರೆ ಮೇಲೆ ಇರುವುದು ತೋಟ. ತೋಟ ಕಿತ್ತು ಮನೆ ಕಟ್ಟಿದರೆ ಆ ಊರಿನಲ್ಲಿ ಇರಲು ಕಾರಣವೇ ಉಳಿಯುವುದಿಲ್ಲ.

ಈಗ ಹೊಸದಾಗಿ ಕಟ್ಟುವವರು ತಮ್ಮ ಕೈಲಾದ ಬದಲಾವಣೆ ಮಾಡಿಕೊಳ್ಳುತ್ತಾರೆ. ಮಲಗುವ ಕೋಣೆ ಮೇಲೆ, ಕರೆಂಟಿನ ಪೆಟ್ಟಿಗೆ ಮೇಲೆ, ಎಣ್ಣೆ ಟ್ಯಾಂಕು ಬೇಡವೇ ಬೇಡ. ನೆಲ ಅಂತಸ್ತನ್ನು ನೀರಿಗೆ ಬಿಟ್ಟುಕೊಟ್ಟ ಹಾಗೆ ಖಾಲಿ ಬಿಡುವವರೂ ಇದ್ದಾರೆ. ಆದರೆ ವೈನ್ ಮಾಡುವವನಿಗೆ ಪೀಪಾಯಿ ಇಡಲು ತಂಪು ಬೇಕು, ತಂಪು ಇರುವುದು ನೆಲದ ಕೆಳಗೆ. ಹೀಗಾಗಿ ಊರಿನ ಒಳಗೆ, ಹೊಳೆಯಿಂದ ಕೂಗಳತೆ ದೂರದಲ್ಲಿ, ಮತ್ತೆ ನೆಲಮಾಳಿಗೆಗೆ ಪೀಪಾಯಿ ಇಳಿಯುತ್ತಿವೆ.